ಶಾಲೆಯ ಬಸ್ಸಿನಲ್ಲಿ ಹುಟ್ಟಿದ ಭಾಷೆ

1986ರ ಹೊತ್ತಿಗೆ ನಿಕರಾಗುವಾ ದೇಶದ ಶಿಕ್ಷಣ ಇಲಾಖೆ ಒಂದು ವಿಚಿತ್ರ ಪೇಚಿಗೆ ಸಿಕ್ಕಿಕೊಂಡಿತ್ತು. ರಾಜಧಾನಿ ಮನಾಗುವಾದ ಕಿವುಡ ಮಕ್ಕಳಿಗೆ ಒಂಬತ್ತು ವರ್ಷದಿಂದ ಸ್ಪ್ಯಾನಿಷ್ ಪಾಠ ನಡೆಯುತ್ತಿತ್ತು. ತುಟಿ ನೋಡಿ ಮಾತು ಗುರುತಿಸುವುದು, ಬಾಯಿಂದ ಶಬ್ದ ಹೊರಡಿಸುವುದು, ಬೆರಳಲ್ಲಿ ಒಂದೊಂದೇ ಅಕ್ಷರ ತೋರಿಸುವುದು, ಎಲ್ಲವೂ ಆಗಿತ್ತು. ಮಕ್ಕಳ ತಲೆಗೆ ಅದರಲ್ಲಿ ಹೆಚ್ಚೇನೂ ಇಳಿದಿರಲಿಲ್ಲ. ಕಿವುಡ ಮಕ್ಕಳ ಶಾಲೆಗಳಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಅಪರೂಪದ್ದು ಇನ್ನೊಂದಿತ್ತು. ಏನೂ ಕಲಿಯುತ್ತಿಲ್ಲ ಎನಿಸಿಕೊಂಡ ಇದೇ ಮಕ್ಕಳು ತಮ್ಮತಮ್ಮೊಳಗೆ ಎಡೆಬಿಡದೆ ಹರಟುತ್ತಿದ್ದರು. ಕೈಯಲ್ಲಿ, ಹುಬ್ಬಿನಲ್ಲಿ, ಭುಜದಲ್ಲಿ. ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಿದ್ದರು, ಸಿಟ್ಟಾಗುತ್ತಿದ್ದರು, ಮಧ್ಯೆ ಬಾಯಿಹಾಕುತ್ತಿದ್ದರು. ಪಕ್ಕದಲ್ಲೇ ನಿಂತ ಮೇಷ್ಟ್ರಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ.

ಇಂಥ ಸಂದರ್ಭದಲ್ಲಿ ಇಲಾಖೆಗಳು ಸಾಮಾನ್ಯವಾಗಿ ಸುತ್ತೋಲೆ ಹೊರಡಿಸುತ್ತವೆ. ನಿಕರಾಗುವಾದವರು ಹಾಗೆ ಮಾಡದೆ, ತಮಗೆ ತಿಳಿಯುತ್ತಿಲ್ಲವೆಂದು ಒಪ್ಪಿಕೊಂಡು ಹೊರಗಿನಿಂದ ಒಬ್ಬರನ್ನು ಕರೆಸಿದರು. ಬಂದವರು ಜೂಡಿ ಕೆಗಲ್ ಎಂಬ ಅಮೆರಿಕನ್ ಮಹಿಳೆ. ಎಂಐಟಿಯಲ್ಲಿ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದ್ದವರು, ಅಮೆರಿಕದ ಕಿವುಡರ ಸನ್ನೆ ಭಾಷೆಯನ್ನು ಆಳವಾಗಿ ಅಭ್ಯಾಸ ಮಾಡಿದ್ದವರು. ಆಗ ಎರಡೂ ದೇಶಗಳ ಸಂಬಂಧ ಪೂರ್ತಿ ಹಳಸಿತ್ತು. ನಿಕರಾಗುವಾದ ಎಡಪಂಥೀಯ ಸರ್ಕಾರವನ್ನು ಉರುಳಿಸಲು ಹೊರಟ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ಹಣ, ಶಸ್ತ್ರ ಕೊಡುತ್ತಿತ್ತು. ವ್ಯಾಪಾರ ದಿಗ್ಬಂಧನ ಹಾಕಿತ್ತು. ಅದೇ ವರ್ಷದ ಜೂನ್ ಕೊನೆಯಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ನಿಕರಾಗುವಾದ ಪರವಾಗಿ ಅಮೆರಿಕದ ವಿರುದ್ಧ ತೀರ್ಪು ಕೊಟ್ಟಿತು. ಇಂಥ ದಿನಗಳಲ್ಲಿ ಆ ದೇಶದ ಸರ್ಕಾರಿ ಶಾಲೆಯೊಳಗೆ ಅಮೆರಿಕದ ಸಂಶೋಧಕಿಯೊಬ್ಬರು ನೋಟ್‌ಬುಕ್ ಹಿಡಿದು ಓಡಾಡಿದ್ದೇ ಒಂದು ಸೋಜಿಗ.

ಅವರು ಏನನ್ನು ನೋಡಿದರು ಎನ್ನುವುದಕ್ಕೆ ಮೊದಲು ಆ ಶಾಲೆಯ ಹಿನ್ನೆಲೆ ಹೇಳಬೇಕು.

1970ರ ದಶಕದವರೆಗೆ ನಿಕರಾಗುವಾದಲ್ಲಿ ಕಿವುಡರ ಸಮುದಾಯ ಅಂತ ಒಂದು ಇರಲೇ ಇಲ್ಲ. ಕಿವುಡರಿದ್ದರು, ಆದರೆ ಒಬ್ಬೊಬ್ಬರು ಒಂದೊಂದು ಮನೆಯಲ್ಲಿ. ಕಿವುಡ ಮಗು ಹುಟ್ಟಿದರೆ ಅದು ಮನೆಯೊಳಗೇ ಬೆಳೆಯಬೇಕು. ಬಂಧುಗಳೆದುರು ಹೆಚ್ಚು ತೋರಿಸಿಕೊಳ್ಳಬಾರದು. ನಮಗೆ ಇದು ಅಪರಿಚಿತ ಚಿತ್ರವಲ್ಲ. ಅಲ್ಲೊಂದು ಇಲ್ಲೊಂದು ಪುಟ್ಟ ವಿಶೇಷ ಶಾಲೆ ನಡೆದದ್ದುಂಟು, ಆದರೆ ಅಲ್ಲಿ ಓದು ಮುಗಿಸಿದ ಮಕ್ಕಳು ಮತ್ತೆ ತಮ್ಮತಮ್ಮ ಮನೆಗೆ ಚದುರಿಹೋಗುತ್ತಿದ್ದರು. ದೊಡ್ಡವರಾದ ಮೇಲೆ ಇನ್ನೊಬ್ಬ ಕಿವುಡನನ್ನು ಭೇಟಿಯಾಗುವ ಸಂದರ್ಭವೇ ಬರುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ತಾಯಿಗೂ ಮಗುವಿಗೂ ಮಧ್ಯೆ ಒಂದಷ್ಟು ಸನ್ನೆಗಳು ಬೆಳೆಯುತ್ತಿದ್ದವು: ಊಟಕ್ಕೊಂದು, ನಿದ್ದೆಗೊಂದು, ಹೊಡೆಯುವ ಚಿಕ್ಕಪ್ಪನಿಗೊಂದು. ಆ ಸನ್ನೆಗಳು ಹೊಸಿಲು ದಾಟುತ್ತಿರಲಿಲ್ಲ. ಪಕ್ಕದ ಬೀದಿಯ ಕಿವುಡ ಹುಡುಗನ ಊಟದ ಸನ್ನೆ ಬೇರೆಯೇ ಆಗಿರುತ್ತಿತ್ತು.

1977ರಲ್ಲಿ ಮನಾಗುವಾದ ಸಾನ್ ಹುದಾಸ್ ಬಡಾವಣೆಯಲ್ಲಿ ವಿಶೇಷ ಶಿಕ್ಷಣ ಕೇಂದ್ರವೊಂದು ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. 1972ರ ಭೂಕಂಪದಲ್ಲಿ ನೆಲಕಚ್ಚಿದ ನಗರ ಅದು. ಇನ್ನೂ ಪೂರ್ತಿ ಎದ್ದು ನಿಂತಿರಲಿಲ್ಲ. ಸೊಮೋಜಾ ಮನೆತನದ ಸರ್ವಾಧಿಕಾರ ತನ್ನ ಕೊನೆಯ ದಿನಗಳನ್ನು ಎಣಿಸುತ್ತಿತ್ತು. ಶಾಲೆಗೆ ಮೊದಲು ಬಂದ ಕಿವುಡ ಮಕ್ಕಳು ಹೆಚ್ಚೆಂದರೆ ಐವತ್ತು. 1979ರ ಜುಲೈನಲ್ಲಿ ಸ್ಯಾಂಡಿನಿಸ್ಟಾ ಕ್ರಾಂತಿಯಾಯಿತು. ಹೊಸ ಸರ್ಕಾರಕ್ಕೆ ಅಕ್ಷರದ ಹುಚ್ಚು. 1980ರಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಹಳ್ಳಿಹಳ್ಳಿಗೆ ಕಳಿಸಿ ಐದು ತಿಂಗಳ ಸಾಕ್ಷರತಾ ಆಂದೋಲನ ನಡೆಸಿತು. ಆ ಹುರುಪಿನಲ್ಲಿ ಕಿವುಡ ಮಕ್ಕಳ ಶಾಲೆಗೂ ಬಲ ಬಂತು. ಹದಿಹರೆಯದವರಿಗಾಗಿ ವಿಲ್ಯಾ ಲಿಬೆರ್ತಾದ್ ಎಂಬಲ್ಲಿ ವೃತ್ತಿ ಶಿಕ್ಷಣದ ಶಾಲೆ ತೆರೆಯಿತು. 1983ರ ಹೊತ್ತಿಗೆ ಎರಡೂ ಶಾಲೆ ಸೇರಿ ಕಿವುಡ ಮಕ್ಕಳ ಸಂಖ್ಯೆ 400 ದಾಟಿತ್ತು. ಆ ದೇಶದಲ್ಲಿ ಅಷ್ಟು ಜನ ಕಿವುಡರು ಒಂದೆಡೆ ಸೇರಿದ್ದು ಅದೇ ಮೊದಲು.

ಆದರೆ ಸನ್ನೆ ಮಾಡುವಂತಿರಲಿಲ್ಲ. ಅದರ ಹಿಂದೆ ನೂರು ವರ್ಷದ ಹಳೆಯ ತೀರ್ಮಾನವೊಂದಿತ್ತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆ ಬೆರೆಸಿದರೆ ಅವರ ಮಾತು ಕೆಡುತ್ತದೆ ಎಂಬರ್ಥದ ನಿರ್ಣಯ ಮಾಡಿತು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಆ ನಿರ್ಣಯ ಜಗತ್ತಿನ ಶಾಲೆಗಳನ್ನು ಆವರಿಸಿಕೊಂಡ ಬಗೆ ಭಯ ಹುಟ್ಟಿಸುವಂಥದ್ದು. ಅಮೆರಿಕದ ಗ್ಯಾಲಡೆಟ್ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ವಿಲಿಯಂ ಸ್ಟೋಕಿ 1960ರಲ್ಲಿ ಪುಸ್ತಕ ಬರೆದು, ಅಮೆರಿಕದ ಕಿವುಡರು ಬಳಸುವ ಸನ್ನೆಗಳಿಗೂ ಮಾತಿನ ಹಾಗೇ ಒಳರಚನೆಯಿದೆ, ಅದೂ ಭಾಷೆಯೇ ಎಂದು ತೋರಿಸಿದ ಮೇಲೂ ಶಾಲೆಗಳು ಬದಲಾಗಲು ದಶಕಗಳು ಹಿಡಿದವು. ಸಾನ್ ಹುದಾಸ್‌ನ ಶಿಕ್ಷಕರು ಕೆಟ್ಟವರಲ್ಲ. ಅವರಿಗೆ ಸಿಕ್ಕಿದ ತರಬೇತಿಯೇ ಅಂಥದ್ದು. ಹುಡುಗರ ಕೈಚಲನೆ ಅವರ ಕಣ್ಣಿಗೆ ಮೂಕಾಭಿನಯ, ಅಷ್ಟೆ.

ಆದರೆ ಒಂದು ವಿಷಯ ಶಿಕ್ಷಕರ ಕೈಮೀರಿತ್ತು. ತರಗತಿಯಲ್ಲಿ ಸನ್ನೆ ತಡೆಯಬಹುದು, ಆಟದ ಬಯಲಿನಲ್ಲಿ ತಡೆಯುವುದು ಹೇಗೆ? ಮಕ್ಕಳನ್ನು ತುಂಬಿಕೊಂಡು ನಗರದ ಉದ್ದಗಲಕ್ಕೆ ಓಡಾಡುವ ಶಾಲಾ ಬಸ್ಸಿನಲ್ಲಿ? ಪಾಠವೂ ಇಲ್ಲ, ಪರೀಕ್ಷೆಯೂ ಇಲ್ಲ. ಅಲ್ಲಿ ಐವತ್ತು ಮನೆಯ ಐವತ್ತು ಬಗೆಯ ಸನ್ನೆಗಳು ಒಂದಕ್ಕೊಂದು ಎದುರಾದವು. ಒಬ್ಬನ ಊಟದ ಸನ್ನೆ ಇನ್ನೊಬ್ಬನಿಗೆ ಹಿಡಿಸಿತು. ಮೂರನೆಯವಳ ಅಮ್ಮನ ಸನ್ನೆ ಎಲ್ಲರ ಅಮ್ಮನ ಸನ್ನೆಯಾಯಿತು. ಕೆಲವು ಉಳಿದವು, ಬಹಳಷ್ಟು ಬಿದ್ದುಹೋದವು. ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ಸಂತೆಯಲ್ಲಿ ದರ ಕುದುರುವ ಹಾಗೆ ಕುದುರಿತು.

ಕೆಗಲ್ ಮೊದಲು ಹೋದದ್ದು ವಿಲ್ಯಾ ಲಿಬೆರ್ತಾದ್‌ನ ದೊಡ್ಡ ಹುಡುಗರ ಬಳಿಗೆ. ಪದಕೋಶ ಕಟ್ಟಲು ಕೂತರು. ವಸ್ತು ತೋರಿಸಿ ಸನ್ನೆ ಕೇಳುವುದು, ಬರೆದುಕೊಳ್ಳುವುದು, ಇನ್ನೊಬ್ಬರನ್ನು ಕೇಳಿ ತಾಳೆ ನೋಡುವುದು. ಅಮೆರಿಕನ್ ಸನ್ನೆ ಭಾಷೆ ಬಲ್ಲ ಅವರಿಗೆ ಇಲ್ಲಿ ಅದು ಕೆಲಸಕ್ಕೆ ಬರಲಿಲ್ಲ, ಸನ್ನೆಗಳು ಬೇರೆಯೇ. ಸ್ಪ್ಯಾನಿಷ್‌ನ ವಾಕ್ಯ ಕ್ರಮವೂ ಅದರಲ್ಲಿ ಇರಲಿಲ್ಲ. ಪದಗಳು ಸಿಕ್ಕವು, ಸಂವಹನ ನಡೆಯುತ್ತಿತ್ತು. ಆದರೆ ವಾಕ್ಯದ ಕಟ್ಟು ಹಿಡಿಯಲು ಹೋದರೆ ಕೈಗೆ ಸಿಗುತ್ತಿರಲಿಲ್ಲ. ಒಬ್ಬರು ಹೀಗೆ ಹೇಳಿದ್ದನ್ನು ಇನ್ನೊಬ್ಬರು ಹಾಗೆ ಹೇಳುವರು. ಒಂದು ಬಗೆಯ ಸಂಪರ್ಕ ಭಾಷೆ ಇದು, ಬೇರೆಬೇರೆ ಭಾಷೆಯ ಕೂಲಿಗಳು ಒಂದೇ ತೋಟದಲ್ಲಿ ಸೇರಿದಾಗ ಹುಟ್ಟುವ ಅರೆಬರೆ ಮಾತಿನಂಥದ್ದು ಎಂದು ಅವರಿಗೆ ತೋರಿತು.

ಆಮೇಲೆ ಸಾನ್ ಹುದಾಸ್‌ನ ಚಿಕ್ಕ ಮಕ್ಕಳ ಶಾಲೆಗೆ ಹೋದರು. ಅಂಗಳದಲ್ಲಿ ಒಬ್ಬಳು ಪುಟ್ಟ ಹುಡುಗಿ ಸನ್ನೆ ಮಾಡುತ್ತಿದ್ದುದು ಕಣ್ಣಿಗೆ ಬಿತ್ತು. ದೊಡ್ಡವರಿಗಿಂತ ಎಷ್ಟೋ ವೇಗ. ಕೈಗಳು ಮೈಯಿಂದ ದೂರ ಚಾಚುತ್ತಿರಲಿಲ್ಲ, ಎದೆಯ ಮುಂದಿನ ಸಣ್ಣ ಜಾಗದಲ್ಲೇ ಎಲ್ಲ ಮುಗಿಯುತ್ತಿತ್ತು. ಲಯವಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಚಲನೆಗಳು ಮತ್ತೆ ಮತ್ತೆ, ಅದೇ ಜಾಗದಲ್ಲಿ, ಅದೇ ಕೆಲಸಕ್ಕೆ ಬರುತ್ತಿದ್ದವು. ಸನ್ನೆ ಭಾಷೆಗಳ ವ್ಯಾಕರಣ ಬಲ್ಲ ಕಣ್ಣಿಗೆ ಅದರ ಅರ್ಥ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಮಗು ನಿಯಮ ಪಾಲಿಸುತ್ತಿತ್ತು. ಯಾರೂ ಬರೆಯದ, ಯಾರೂ ಕಲಿಸದ ನಿಯಮ. ಶಿಕ್ಷಕರು ಇದೇ ಹುಡುಗಿಯನ್ನು ದಿನವೂ ನೋಡುತ್ತಿದ್ದರು ಎನ್ನುವುದನ್ನು ಮರೆಯಬಾರದು.

ಬರೀ ಅನಿಸಿಕೆ ವಿಜ್ಞಾನವಾಗುವುದಿಲ್ಲ, ದಾಖಲೆ ಬೇಕು. ಮಕ್ಕಳಿಗೆ ಪ್ರಶ್ನೆ ಕೇಳೋಣವೆಂದರೆ ಯಾವ ಭಾಷೆಯಲ್ಲಿ? ಸಂಶೋಧಕರು ಹೂಡಿದ ಉಪಾಯ ಬಹಳ ಸರಳ. ಮಾತೇ ಇಲ್ಲದ ಕಾರ್ಟೂನ್ ತೋರಿಸಿದರು. ಝೆಕ್ ದೇಶದ ‘ಮಿಸ್ಟರ್ ಕೌಮಲ್’ ಎಂಬ ಕಿರುಚಿತ್ರ ಮಾಲೆಯಲ್ಲಿ ಒಬ್ಬ ಬಡಪಾಯಿ ಮನುಷ್ಯ ಏನೇನೋ ಸಾಹಸಕ್ಕೆ ಹೊರಟು ಸೋಲುತ್ತಾನೆ. ಹಕ್ಕಿಯ ಹಾಗೆ ಹಾರಲು ಹೋಗಿ ಬೀಳುವುದೂ ಅದರಲ್ಲೊಂದು. ಚಿತ್ರ ನೋಡಿದ ಮಗು ನೋಡದ ಇನ್ನೊಬ್ಬರಿಗೆ ಕತೆ ಹೇಳಬೇಕು, ಕ್ಯಾಮೆರಾ ಓಡುತ್ತಿರುತ್ತದೆ. ಕತೆ ಎಲ್ಲರದೂ ಒಂದೇ ಆದ್ದರಿಂದ ಹೇಳುವ ರೀತಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ದೊಡ್ಡವರು ಕತೆಯನ್ನು ಅಭಿನಯಿಸಿ ತೋರಿಸಿದರೆ ಚಿಕ್ಕವರು ಹೇಳುತ್ತಿದ್ದರು.

ಇಲ್ಲಿದೆ ಒಗಟು. ಭಾಷೆಯನ್ನು ಹಿರಿಯರು ಕಿರಿಯರಿಗೆ ಕಲಿಸುತ್ತಾರೆ, ಕಿರಿಯರು ತಪ್ಪುತಪ್ಪಾಗಿ ಶುರುಮಾಡಿ ನಿಧಾನವಾಗಿ ಹಿರಿಯರ ಮಟ್ಟಕ್ಕೆ ಬರುತ್ತಾರೆ. ಮನಾಗುವಾದಲ್ಲಿ ಕಿರಿಯರೇ ಮುಂದೆ. ಅವರಿಗೆ ಕಲಿಸಿದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿ ರಾಜರು ಹಿಂದೆ ಕ್ರೂರ ಪ್ರಯೋಗ ಮಾಡಿದ್ದಾರೆ. ಭಾಷೆಯನ್ನೇ ಕೇಳಿಸದೆ ಬೆಳೆಸಿದ ಮಗು ಏನು ಮಾತಾಡೀತು? ನಮ್ಮ ಅಕ್ಬರ್ ಬಾದಶಹನೇ ಹದಿನಾರನೆಯ ಶತಮಾನದಲ್ಲಿ ಫತೇಪುರ ಸಿಕ್ರಿಯ ಆಸುಪಾಸಿನಲ್ಲಿ ಒಂದು ಮನೆ ಕಟ್ಟಿಸಿ, ಹಸುಗೂಸುಗಳನ್ನು ಅಲ್ಲಿಟ್ಟು, ಅವುಗಳೆದುರು ಯಾರೂ ಬಾಯಿಬಿಡಕೂಡದೆಂದು ಕಟ್ಟಪ್ಪಣೆ ಮಾಡಿದ. ಕೆಲವು ವರ್ಷಗಳ ನಂತರ ಹೋಗಿ ನೋಡಿದರೆ ಮಕ್ಕಳಿಂದ ಮಾತು ಹೊರಡಲಿಲ್ಲ. ಆ ಕಟ್ಟಡಕ್ಕೆ ಗುಂಗ್ ಮಹಲ್, ಮೂಕರ ಅರಮನೆ, ಎಂಬ ಹೆಸರು ಅಂಟಿಕೊಂಡಿತು. ಬಾದಶಹ ಕೇಳಿದ ಪ್ರಶ್ನೆ ಒಳ್ಳೆಯದೇ, ಮಾಡಿದ್ದು ಮಾತ್ರ ಅನ್ಯಾಯ. ಮನಾಗುವಾದಲ್ಲಿ ಅಂಥ ಪ್ರಯೋಗ ಯಾರ ಉದ್ದೇಶವೂ ಇಲ್ಲದೆ ತಾನಾಗಿ ಘಟಿಸಿತ್ತು. ಅಲ್ಲಿನ ಮಕ್ಕಳು ನೂರಾರು ಜನ ಒಟ್ಟಿಗಿದ್ದರು ಎಂಬುದು ದೊಡ್ಡ ವ್ಯತ್ಯಾಸ. ಎಲ್ಲ ಫಲವೂ ಆ ವ್ಯತ್ಯಾಸದಿಂದಲೇ ಬಂದದ್ದು.

ಹವಾಯಿಯ ಕಬ್ಬಿನ ತೋಟಗಳಲ್ಲಿ ಹೀಗೇ ಆಗಿತ್ತೆಂದು ಭಾಷಾವಿಜ್ಞಾನಿ ಡೆರೆಕ್ ಬಿಕರ್ಟನ್ ವಾದಿಸಿದ್ದರು: ಅಪ್ಪ ಅಮ್ಮಂದಿರ ಮುರುಕು ಮಾತನ್ನು ಕೇಳಿ ಬೆಳೆದ ಮಕ್ಕಳು ಅದಕ್ಕೆ ತಾವೇ ವ್ಯಾಕರಣ ತುಂಬಿದರು ಎಂದು. ಆದರೆ ಅದೆಲ್ಲ ಕಳೆದುಹೋದ ಕಾಲ. ಆ ಮಕ್ಕಳ ಬಾಲ್ಯವನ್ನು ಯಾರೂ ಕಂಡಿರಲಿಲ್ಲ. ಇಲ್ಲಿ ಭಾಷೆಯ ಮೊದಲ ತಲೆಮಾರಿನಿಂದ ಇತ್ತೀಚಿನವರವರೆಗೆ ಎಲ್ಲ ಕಾಲದವರೂ ಸಿಗುತ್ತಾರೆ, ಒಂದೇ ಊರಿನಲ್ಲಿ. ಮನೆಗೆ ಹೋಗಿ ಮಾತಾಡಿಸಬಹುದು.

ಅದನ್ನು ಪಟ್ಟುಹಿಡಿದು ಮಾಡಿದವರು ಆನ್ ಸೆಂಗಾಸ್. ಎಂಐಟಿಯ ಸಂಶೋಧನಾ ವಿದ್ಯಾರ್ಥಿಯಾಗಿ 1990ರಲ್ಲಿ ಮೊದಲ ಬಾರಿ ಮನಾಗುವಾಕ್ಕೆ ಬಂದವರು ಮತ್ತೆ ಮತ್ತೆ ಬರುತ್ತಲೇ ಹೋದರು. ಶಾಲೆಗೆ ಸೇರಿದ ವರ್ಷ ನೋಡಿ ಕಿವುಡರನ್ನು ಮೂರು ತಂಡ ಮಾಡಿದರು: 1984ಕ್ಕೆ ಮೊದಲು ಬಂದವರು, ಅಲ್ಲಿಂದ 1993ರವರೆಗೆ ಬಂದವರು, ಆಮೇಲಿನವರು. ಬಂಡೆಯ ಪದರಗಳಲ್ಲಿ ಭೂಮಿಯ ಇತಿಹಾಸ ಓದುವ ಭೂವಿಜ್ಞಾನಿಗಳ ಲೆಕ್ಕಾಚಾರವೇ ಇದು.

ಮೊದಲ ಪದರದವರ ವಾಕ್ಯ ಹೇಗಿತ್ತು? ‘ಗಂಡಸು ಹೆಂಗಸಿಗೆ ಲೋಟ ಕೊಟ್ಟ’ ಎನ್ನಬೇಕಾದರೆ ಅವರು ಒಡೆದು ಹೇಳುತ್ತಿದ್ದರು: ಗಂಡಸು ಕೊಡು, ಹೆಂಗಸು ತಗೋ. ‘ತಳ್ಳಿದ’ ಎನ್ನಲು: ಗಂಡಸು ತಳ್ಳು, ಹೆಂಗಸು ಬೀಳು. ಒಂದು ಕ್ರಿಯೆಗೆ ಒಬ್ಬರೇ ಮನುಷ್ಯರು. ಯಾರು ಯಾರಿಗೆ ಮಾಡಿದರು ಎಂಬ ಗೊಂದಲ ತಪ್ಪಿಸಲು ಅದೊಂದು ಜಾಣ ದಾರಿ. ನಮಗೆ ಕನ್ನಡದಲ್ಲಿ ಈ ಕಷ್ಟವಿಲ್ಲ, ‘ಅನ್ನು’, ‘ಇಗೆ’ ಎಂಬ ಪ್ರತ್ಯಯಗಳು ಕಾವಲಿಗೆ ನಿಂತಿವೆ. ಎರಡನೆಯ ತಂಡದ ಮಕ್ಕಳು ಪ್ರತ್ಯಯದ ಕೆಲಸವನ್ನು ಜಾಗದಿಂದ ಮಾಡಿಸಿದರು. ಗಂಡಸಿನ ಸನ್ನೆಯನ್ನು ಎದೆಯ ಎಡಕ್ಕೆ ಇಟ್ಟರೆ ಆ ಎಡಜಾಗ ಅವನದಾಯಿತು. ಮುಂದೆ ‘ನೋಡು’, ‘ಕೊಡು’, ‘ಹಣ ತೆರು’ ಯಾವ ಸನ್ನೆಯನ್ನು ಅದೇ ಎಡಕ್ಕೆ ತಿರುಗಿಸಿದರೂ ಅದು ಅವನಿಗೆ ಸಂಬಂಧಪಟ್ಟದ್ದು. ಮೊದಲ ತಂಡದವರೂ ಸನ್ನೆಗಳನ್ನು ಎಡಕ್ಕೆ ಬಲಕ್ಕೆ ಹೊರಳಿಸುತ್ತಿದ್ದರು, ಆದರೆ ಅದಕ್ಕೆ ಕಟ್ಟುನಿಟ್ಟಾದ ಅರ್ಥವಿರಲಿಲ್ಲ. ಚಿಕ್ಕವರು ಹಿರಿಯರ ಆ ಸಡಿಲ ಹೊರಳಾಟವನ್ನು ನೋಡಿ ಇದರಲ್ಲೇನೋ ನಿಯಮವಿದೆಯೆಂದು ತಿಳಿದರು. ಇರಲಿಲ್ಲ. ಅವರು ತಿಳಿದದ್ದರಿಂದಲೇ ಬಂತು. ಸೆಂಗಾಸ್ ಮತ್ತು ಮೇರಿ ಕೊಪ್ಪೋಲಾ 2001ರಲ್ಲಿ ಇದನ್ನು ಪ್ರಕಟಿಸಿದರು.

2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗ ಇನ್ನೂ ಸೊಗಸು. ಆಗ ಈ ಭಾಷೆ ಬಳಸುವ ಕಿವುಡರು ಸುಮಾರು 800 ಜನ, ನಾಲ್ಕು ವರ್ಷದವರಿಂದ ನಲವತ್ತೈದರವರೆಗೆ. ಈ ಸಲದ ಚಿತ್ರ ಸಿಲ್ವೆಸ್ಟರ್ ಬೆಕ್ಕು, ಟ್ವೀಟಿ ಹಕ್ಕಿಯದು. ಬೆಕ್ಕು ಬೌಲಿಂಗ್ ಚೆಂಡು ನುಂಗಿ ಇಳಿಜಾರು ರಸ್ತೆಯಲ್ಲಿ ಉರುಳುತ್ತಾ ಹೋಗುತ್ತದೆ. ತಂಡಕ್ಕೆ ಹತ್ತರಂತೆ ಮೂವತ್ತು ಕಿವುಡರು ಇದನ್ನು ವರ್ಣಿಸಿದರು. ಜೊತೆಗೆ ಸ್ಪ್ಯಾನಿಷ್ ಮಾತಾಡುವ ಹತ್ತು ಜನರ ಕೈಗಳನ್ನೂ ಗಮನಿಸಿದರು, ಮಾತಾಡುವಾಗ ನಾವೆಲ್ಲ ಕೈ ಆಡಿಸುತ್ತೇವಲ್ಲ, ಅದನ್ನು.

ಬೆಕ್ಕು ಉರುಳುವುದೂ ಇಳಿಯುವುದೂ ಕಣ್ಣಿಗೆ ಒಂದೇ ಘಟನೆ. ಹಾಗಾಗಿ ಕಿವಿ ಕೇಳುವವರ ಕೈ ಆ ಘಟನೆಯನ್ನು ಹಾಗೆಯೇ ನಕಲು ಮಾಡಿತು: ಕೈ ಗಿರಗಿರ ತಿರುಗುತ್ತಲೇ ಕೆಳಗೆ ಜಾರಿತು. ಮೊದಲ ತಂಡದ ಕಿವುಡರೂ ಬಹುಪಾಲು ಹೀಗೇ ಮಾಡಿದರು. ನಂತರದ ಎರಡು ತಂಡದವರಲ್ಲಿ ಬೇರೆಯದೇ ಕಂಡಿತು. ಮೊದಲು ಇದ್ದಲ್ಲೇ ‘ಉರುಳು’, ಆಮೇಲೆ ಪ್ರತ್ಯೇಕವಾಗಿ ‘ಇಳಿ’. ಎರಡು ಸನ್ನೆ, ಒಂದರ ಹಿಂದೊಂದು. ನಿಜದಲ್ಲಿ ಬೆಕ್ಕು ಮೊದಲು ಉರುಳಿ ಆಮೇಲೆ ಇಳಿದದ್ದಲ್ಲ, ಆದ್ದರಿಂದ ಚಿತ್ರವಾಗಿ ನೋಡಿದರೆ ಇದು ಹಿಂದೆ ಬಿದ್ದ ಹಾಗೆ. ಭಾಷೆಯಾಗಿ ನೋಡಿದರೆ ದೊಡ್ಡ ನೆಗೆತ. ಒಡೆದ ತುಂಡುಗಳನ್ನು ಬೇಕಾದ ಹಾಗೆ ಜೋಡಿಸಬಹುದು: ಉರುಳಿ ಹತ್ತು, ಕುಂಟಿ ಇಳಿ, ಜಿಗಿದು ದಾಟು. ಕನ್ನಡದಲ್ಲಿ ‘ಉರುಳುತ್ತಾ ಇಳಿಯಿತು’ ಎನ್ನುವಾಗ ನಾವು ಮಾಡುವುದೂ ಇದನ್ನೇ, ಎಂದೋ ಯಾರೋ ಒಡೆದುಕೊಟ್ಟದ್ದರಿಂದ ನಮಗೆ ಗೊತ್ತಾಗುವುದಿಲ್ಲ. ಒಡೆಯುವ ಆ ಗಳಿಗೆಯನ್ನು ಕ್ಯಾಮೆರಾದಲ್ಲಿ ಹಿಡಿದದ್ದು ಮನಾಗುವಾದಲ್ಲಿ.

ಹಾಗಾದರೆ ಹಿರಿಯರಿಗೆ ಏಕೆ ಆಗಲಿಲ್ಲ? ಅವರೂ ಅದೇ ಅಂಗಳದಲ್ಲಿ ವರ್ಷಾನುಗಟ್ಟಲೆ ಇದ್ದರು, ಬುದ್ಧಿಯಲ್ಲಿ ಕಡಿಮೆಯಿರಲಿಲ್ಲ. ವಯಸ್ಸೇ ಕಾರಣ. ಎಳೆಯ ವಯಸ್ಸಿನಲ್ಲಿ ಒಳಬಂದವರು ಸಿಕ್ಕಿದ್ದನ್ನು ಒಡೆದು ನಿಯಮ ಮಾಡಿಕೊಂಡರು. ಹದಿಹರೆಯ ದಾಟುವ ಹೊತ್ತಿಗೆ ಬಂದವರ ಕೈಗೆ ಅದು ಹತ್ತಲಿಲ್ಲ. ವಾಕ್ಯದ ಕಟ್ಟಿನಲ್ಲಿ ಮೊದಲ ತಂಡದವರು ಆಮೇಲೂ ಹೆಚ್ಚುಕಡಿಮೆ ತಮ್ಮ ಹರೆಯದ ಭಾಷೆಯನ್ನೇ ಆಡುತ್ತಿದ್ದರು. ಹಾಗೆಂದು ಶ್ರೇಯಸ್ಸನ್ನೆಲ್ಲ ಚಿಕ್ಕವರಿಗೆ ಕೊಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಹಿರಿಯರು ಬಸ್ಸಿನಲ್ಲಿ ಆ ಸರಕು ಕೂಡಿಸಿಡದಿದ್ದರೆ ಚಿಕ್ಕವರು ಒಡೆಯಲು ಇದ್ದದ್ದಾದರೂ ಏನು? ಲಾರಾ ಪೋಲಿಚ್ ಈ ಸಮುದಾಯದ ಇತಿಹಾಸವನ್ನು 2005ರಲ್ಲಿ ಪುಸ್ತಕವಾಗಿ ಬರೆದಾಗ ಒತ್ತು ಕೊಟ್ಟದ್ದು ಹದಿಹರೆಯದ ಆ ಗೆಳೆಯರ ಗುಂಪಿಗೇ.

ಶಾಲೆಯ ಮುಖವನ್ನೇ ಕಾಣದವರೂ ಆ ದೇಶದಲ್ಲಿದ್ದಾರೆ. ಹೊಲ, ಅಂಗಡಿಗಳಲ್ಲಿ ದುಡಿಯುತ್ತ, ಹಣ ಎಣಿಸಿ ಕೊಡುಕೊಳ್ಳುವ ವ್ಯವಹಾರ ಮಾಡುತ್ತ, ಮನೆಯ ಸನ್ನೆಗಳಲ್ಲೇ ಬದುಕಿದ ಕಿವುಡರು. ಅಂಥ ನಾಲ್ವರನ್ನು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಬಂತು. ಮೂರರವರೆಗೆ ಎಣಿಕೆ ಸರಿ. ಅದಕ್ಕಿಂತ ಹೆಚ್ಚಿನ ವಸ್ತುಗಳನ್ನಿಟ್ಟು ಬೆರಳಲ್ಲಿ ತೋರಿಸಿ ಎಂದರೆ ಹತ್ತಿರಹತ್ತಿರ ತೋರಿಸುತ್ತಿದ್ದರು, ಕರಾರುವಾಕ್ಕಾಗಿ ಅಲ್ಲ. ಒಂದು, ಎರಡು, ಮೂರು ಎಂದು ಸಾಲಾಗಿ ಹೇಳಿಕೊಂಡು ಹೋಗುವ ಪದಗಳು ಅವರಿಗೆ ಯಾರಿಂದಲೂ ಸಿಕ್ಕಿರಲಿಲ್ಲ.

ಕೆಗಲ್ ಇದಕ್ಕೂ ಬಹಳ ಮೊದಲೇ ಇನ್ನೊಂದು ಶಾಲೆ ತೆರೆಯಲು ನೆರವಾಗಿದ್ದರು. ದೇಶದ ಪೂರ್ವ ತೀರದ ಬ್ಲೂಫೀಲ್ಡ್ಸ್ ಎಂಬ ಪಟ್ಟಣದಲ್ಲಿ, 1995ರಲ್ಲಿ. ಅಲ್ಲಿ ಪಾಠ ಹೇಳಿದವರು ಮನಾಗುವಾದಿಂದ ಬಂದ ಕಿವುಡರೇ, ಪಾಠದ ಭಾಷೆ ಅವರದೇ ಸನ್ನೆ ಭಾಷೆ. ಇದಕ್ಕೆ ಅಮೆರಿಕದಲ್ಲಿ ಟೀಕೆಯೂ ಬಂತು. ಬೆಳೆದು ನಿಂತ ಅಮೆರಿಕನ್ ಸನ್ನೆ ಭಾಷೆ ಕಲಿಸಿದರೆ ಈ ಮಕ್ಕಳಿಗೆ ಹೊರಜಗತ್ತು ತೆರೆಯುತ್ತದೆ. ನಿಮ್ಮ ಸಂಶೋಧನೆಯ ಶುದ್ಧತೆಗಾಗಿ ಅವರನ್ನು ಕಟ್ಟಿಹಾಕುತ್ತಿದ್ದೀರಾ ಎಂದು ಕೇಳಿದರು. ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆಯಲ್ಲ, ಇಂಗ್ಲಿಷ್ ಮಾಧ್ಯಮದ ಬಗ್ಗೆ ನಾವು ಮುಗಿಯದೆ ಜಗಳವಾಡುವುದೂ ಇದನ್ನೇ ಮುಂದಿಟ್ಟು. ಆದರೆ ತೀರ್ಮಾನ ಕೆಗಲ್‌ರದೂ ಅಲ್ಲ, ಟೀಕಾಕಾರರದೂ ಅಲ್ಲ. ಮನಾಗುವಾದ ಕಿವುಡರು ಅಷ್ಟುಹೊತ್ತಿಗೆ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. 1997ರಲ್ಲಿ ತಮ್ಮ ಭಾಷೆಯ ನಿಘಂಟು ಹೊರತಂದರು. ತೊಂಬತ್ತರ ದಶಕದಲ್ಲಿ ಶಾಲೆಗಳಲ್ಲೂ ಸನ್ನೆಗೆ ಜಾಗ ಸಿಕ್ಕಿತು. 2009ರಲ್ಲಿ ದೇಶದ ಸಂಸತ್ತು 675ನೆಯ ಕಾನೂನಿನ ಮೂಲಕ ನಿಕರಾಗುವಾ ಸನ್ನೆ ಭಾಷೆಗೆ ಮಾನ್ಯತೆ ಕೊಟ್ಟಿತು.

ಇಷ್ಟು ದೂರದ ಕತೆಯ ನಡುವೆ ನಮ್ಮದೇ ಒಂದು ಊರಿನ ಹೆಸರು ಹೇಳದಿದ್ದರೆ ತಪ್ಪಾದೀತು. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹುಟ್ಟುಕಿವುಡು ವಂಶಪಾರಂಪರ್ಯವಾಗಿ ಬಂದಿದೆ. ತಲೆಮಾರುಗಳಿಂದ ಅಲ್ಲಿ ಒಂದು ಸನ್ನೆ ಭಾಷೆ ಬಳಕೆಯಲ್ಲಿದೆ. ಸ್ವತಃ ಕಿವುಡರಾದ ಭಾಷಾವಿಜ್ಞಾನಿ ಸಿಬಾಜಿ ಪಂಡಾ ಅದನ್ನು ಅಭ್ಯಾಸ ಮಾಡಿ 2012ರಲ್ಲಿ ಬರೆದರು. ಮನಾಗುವಾಕ್ಕೂ ಅಲೀಪುರಕ್ಕೂ ಇರುವ ವ್ಯತ್ಯಾಸ ಗಮನಿಸುವಂಥದ್ದು. ಅಲ್ಲಿ ಭಾಷೆ ಹುಟ್ಟಲು ಸರ್ಕಾರದ ಶಾಲೆ, ಬಸ್ಸು ಬೇಕಾಯಿತು. ಇಲ್ಲಿ ಊರೇ ಸಾಕಾಯಿತು, ಕಿವಿ ಕೇಳುವ ನೆಂಟರು, ನೆರೆಯವರೂ ಆ ಸನ್ನೆಗಳನ್ನು ಬಲ್ಲರು. ಇನ್ನು ಬೆಂಗಳೂರಿನ ಕಿವುಡರ ಸನ್ನೆಗಳನ್ನು ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮತ್ತಿತರರು ದೆಹಲಿ, ಮುಂಬೈ, ಕಲ್ಕತ್ತೆಗಳ ಸನ್ನೆಗಳ ಜೊತೆಗೆ ಎಂಬತ್ತರ ದಶಕದಲ್ಲೇ ಪುಸ್ತಕರೂಪದಲ್ಲಿ ದಾಖಲಿಸಿದ್ದಾರೆ. ಕೆಗಲ್ ಮನಾಗುವಾದಲ್ಲಿ ಪದಕೋಶಕ್ಕೆ ಕೂತದ್ದೂ ಆ ದಶಕದಲ್ಲೇ.

ಮನಾಗುವಾದಿಂದ ಬಂದ ವರದಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೆಕ್ಕಿನದಲ್ಲ. ಜೆನ್ನಿ ಪೈಯರ್ಸ್ ಮತ್ತು ಸೆಂಗಾಸ್ 2009ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ. ಇಬ್ಬರು ಅಣ್ಣತಮ್ಮಂದಿರ ಕತೆ. ಅಣ್ಣ ಆಟಿಕೆ ರೈಲನ್ನು ಮಂಚದ ಕೆಳಗಿಟ್ಟು ಹೊರಗೆ ಹೋಗುತ್ತಾನೆ. ತಮ್ಮ ಅದನ್ನು ತೆಗೆದು ಬೇರೆ ಕಡೆ ಬಚ್ಚಿಡುತ್ತಾನೆ. ಅಣ್ಣ ವಾಪಸು ಬಂದಾಗ ಎಲ್ಲಿ ಹುಡುಕುತ್ತಾನೆ? ಮಂಚದ ಕೆಳಗೆ ಎನ್ನಲು ಅಣ್ಣನ ತಲೆಯೊಳಗೆ ಇರುವ ತಪ್ಪು ತಿಳಿವಳಿಕೆಯನ್ನು ಊಹಿಸಬೇಕು. ಕಿವಿ ಕೇಳುವ ಮಕ್ಕಳಿಗೆ ನಾಲ್ಕೈದು ವರ್ಷಕ್ಕೆ ಇದು ಬರುತ್ತದೆ. ನಂತರದ ತಂಡದ ಕಿವುಡರು ಸರಿಯಾಗಿ ಉತ್ತರಿಸಿದರು. ಮೊದಲ ತಂಡದವರು, ಇಪ್ಪತ್ತೈದು ದಾಟಿದ, ಕೆಲಸಕ್ಕೆ ಹೋಗುವ, ಸಂಸಾರ ನಡೆಸುವ ವಯಸ್ಸಿನವರು, ಬಹುಪಾಲು ತಪ್ಪಿದರು. ಅವರ ಭಾಷೆಯಲ್ಲಿ ‘ಅಂದುಕೊಂಡ’, ‘ಗೊತ್ತು’, ‘ಗೊತ್ತಿಲ್ಲ’ ಎಂಬಂಥ ಮನಸ್ಸಿನ ಕ್ರಿಯಾಪದಗಳು ಬಹಳ ವಿರಳವಾಗಿದ್ದವು. ಚಿಕ್ಕವರ ಭಾಷೆಯಲ್ಲಿ ಧಾರಾಳವಾಗಿದ್ದವು.

ಇದು 2001ರ ಮಾತು. ಎರಡು ವರ್ಷ ಬಿಟ್ಟು ಅದೇ ಹಿರಿಯರನ್ನು ಮತ್ತೆ ಪರೀಕ್ಷಿಸಿದಾಗ ಫಲಿತಾಂಶ ಬದಲಾಗಿತ್ತು. ಈ ನಡುವೆ ಅವರಲ್ಲಿ ಹಲವರು ಕಿವುಡರ ಸಂಘಕ್ಕೆ ಬಂದುಹೋಗುತ್ತ ಚಿಕ್ಕವರೊಂದಿಗೆ ಹೆಚ್ಚು ಬೆರೆತಿದ್ದರು. ಯಾರ ಸನ್ನೆಗಳಲ್ಲಿ ಮನಸ್ಸಿನ ಆ ಕ್ರಿಯಾಪದಗಳು ಸೇರಿಕೊಂಡಿದ್ದವೋ ಅವರು ಅಣ್ಣ ಎಲ್ಲಿ ಹುಡುಕುತ್ತಾನೆಂದು ಸರಿಯಾಗಿ ತೋರಿಸಿದರು. ಶಾಲೆಯ ಬಸ್ಸಿನಲ್ಲಿ ತಾವು ಕೂಡಿಹಾಕಿ ಕೊಟ್ಟ ಸನ್ನೆಗಳನ್ನೇ ಬೆಳೆಸಿಕೊಂಡವರು ಆ ಚಿಕ್ಕವರು. ‘ಅಂದುಕೊಳ್ಳು’ ಎನ್ನಲು ಹಿರಿಯರು ಅವರಿಂದ ಕಲಿತರು.